ನಮ್ಮ ಆರೋಗ್ಯದ ಲೆಕ್ಕ ಯಾರ ಕಪಾಟಿನಲ್ಲಿದೆ?

ಈಚೆಗೆ ನಮ್ಮ ಸಂಘದ ಮಹಿಳಾ ವಿಭಾಗವು ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನು ಹಮ್ಮಿಕೊಂಡಾಗ, ರಕ್ತಹೀನತೆಯ ಕುರಿತು ಎರಡು ಪುಟಗಳ ಕರಪತ್ರವೊಂದನ್ನು ಬರೆದುಕೊಡುವ ಹೊಣೆ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ದುಡಿಯುವವನಿಗೆ ಅಂಕಿಗಳ ಭಯವಿರಲಾರದು ಎಂಬುದು ಸಮಿತಿಯವರ ನಂಬಿಕೆ. ಬಿ.ಎ.ಯಲ್ಲಿ ಇತಿಹಾಸವನ್ನು ಓದಿ, ಮೂವತ್ತು ವರ್ಷಗಳಿಂದ ಅನ್ಯರ ಹಣದ ಲೆಕ್ಕ ಬರೆಯುತ್ತಿರುವ ನನಗೂ ಆ ನಂಬಿಕೆಯನ್ನು ಹುಸಿಗೊಳಿಸುವ ಮನಸ್ಸಾಗಲಿಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವರದಿಯಿಂದ ಅಂಕಿಗಳನ್ನು ಆಯ್ದುಕೊಂಡೆ. 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ರಕ್ತಹೀನತೆಯುಳ್ಳವರು ದೇಶದಲ್ಲಿ ಶೇ. 57, ಮಹಾರಾಷ್ಟ್ರದಲ್ಲಿ ಶೇ. 54.2, ಕರ್ನಾಟಕದಲ್ಲಿ ಶೇ. 47.8. ಐದು ವರ್ಷದೊಳಗಿನ ಮಕ್ಕಳಲ್ಲಿ ದೇಶದ ಪ್ರಮಾಣ ಶೇ. 67. ಇಷ್ಟನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ.

ಕರಡನ್ನು ನೋಡಿದ ನಮ್ಮ ಸಂಘದ ಹಿರಿಯ ಸದಸ್ಯರಾದ ನಿವೃತ್ತ ಡಾಕ್ಟರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಒಂದೇ ಪ್ರಶ್ನೆ ಕೇಳಿದರು: "ಇದು ಬೆರಳಿನ ರಕ್ತವೋ, ತೋಳಿನ ರಕ್ತವೋ, ಸ್ವಾಮಿ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಅರಸುತ್ತ ಹೋದ ಮೂರು ವಾರಗಳಲ್ಲಿ ಕಂಡ ಸಂಗತಿಗಳು ರಕ್ತಹೀನತೆಯ ಎಲ್ಲೆಯನ್ನು ದಾಟಿದವು. ನಮ್ಮ ಮನೆಬಾಗಿಲಿಗೆ ಬಂದು, ನಮ್ಮ ಹೆಣ್ಣುಮಕ್ಕಳ ಬೆರಳು ಚುಚ್ಚಿ, ನಮ್ಮದೇ ತೆರಿಗೆಯ ಹಣವನ್ನೂ ವ್ಯಯಿಸಿ ಕಲೆಹಾಕಿದ ಆರೋಗ್ಯದ ಲೆಕ್ಕ ಕೊನೆಗೆ ಯಾವ ಕಪಾಟಿನಲ್ಲಿ ಸೇರುತ್ತದೆ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದು ಈಗ ನನ್ನನ್ನು ಕಾಡುವ ಪ್ರಶ್ನೆಯಾಗಿದೆ.

ಮೊದಲು ಡಾಕ್ಟರರ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತವನ್ನು ಪಡೆದದ್ದು ಬೆರಳಿನ ತುದಿಯಿಂದ. ಅಂಗೈಯಗಲದ ಹೀಮೋಕ್ಯೂ ಎಂಬ ಯಂತ್ರದಲ್ಲಿ ಸ್ಥಳದಲ್ಲಿಯೇ ಅದನ್ನು ಅಳೆಯಲಾಯಿತು. ಹಳ್ಳಿಯ ಜಗಲಿಯ ಮೇಲೆ ಕುಳಿತು ಲಕ್ಷಾಂತರ ಜನರನ್ನು ಪರೀಕ್ಷಿಸಬೇಕಾದಾಗ ಇದು ಸುಲಭದ ದಾರಿಯೇ ಸರಿ. ಆದರೆ ರಕ್ತ ಬಾರದೆ ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವವೂ ಬೆರೆತು ಹಿಮೋಗ್ಲೋಬಿನ್ ಕಡಿಮೆ ಕಾಣಿಸುವ ಸಂಭವವಿದೆ. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆಯು ಬೇರೆಯ ಮಾರ್ಗವನ್ನು ಹಿಡಿಯಿತು. ಅಲ್ಲಿ 51 ಸಾವಿರಕ್ಕೂ ಅಧಿಕ ಮಕ್ಕಳ ಹಾಗೂ ಹದಿಹರೆಯದವರ ರಕ್ತವನ್ನು ತೋಳಿನ ಅಭಿಧಮನಿಯಿಂದ ಪಡೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಅದು ಕಂಡ ರಕ್ತಹೀನತೆ ಶೇ. 41. ವಯಸ್ಸಿನ ಗುಂಪು ತುಸು ಬೇರೆಯೆಂಬುದನ್ನು ಒಪ್ಪಿಕೊಂಡರೂ, ಒಂದೇ ದೇಶದ ಒಂದೇ ವ್ಯಾಧಿಗೆ ಒಂದು ಸರಕಾರಿ ವರದಿ 67 ಎನ್ನುತ್ತದೆ, ಇನ್ನೊಂದು 41 ಎನ್ನುತ್ತದೆ!

ವಿಷಯ ಅಲ್ಲಿಗೂ ನಿಲ್ಲಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಅವರೂ ಸೇರಿದ್ದ ತಂಡವೊಂದು 2021ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಅಳತೆಗೋಲನ್ನೇ ಪ್ರಶ್ನಿಸಿತು. ಆರೋಗ್ಯವಂತ ಭಾರತೀಯ ಮಕ್ಕಳ ರಕ್ತವನ್ನೇ ಆಧಾರವಾಗಿಟ್ಟುಕೊಂಡು ಮಿತಿಯನ್ನು ಗೊತ್ತುಮಾಡಿದರೆ, ಒಂದರಿಂದ 19 ವರ್ಷದವರಲ್ಲಿ ರಕ್ತಹೀನತೆ ಶೇ. 30ರಿಂದ ಶೇ. 10.8ಕ್ಕೆ ಇಳಿಯುತ್ತದೆ ಎಂಬುದು ಆ ತಂಡದ ಶೋಧನೆ. ಇದನ್ನು ಒಪ್ಪದ ತಜ್ಞರೂ ಇದ್ದಾರೆ. ವಾದ ಇನ್ನೂ ಮುಗಿದಿಲ್ಲ. ಆದರೆ ಆರನೆಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ರಕ್ತಹೀನತೆಯ ಪರೀಕ್ಷೆಯನ್ನೇ ಕೈಬಿಟ್ಟು, ಅದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯು ಅಭಿಧಮನಿಯ ರಕ್ತದಿಂದ ನಡೆಸುವ ಪ್ರತ್ಯೇಕ ಸಮೀಕ್ಷೆಗೆ ವಹಿಸಲಾಯಿತು ಎಂಬುದು ಈ ವಾದದ ತೂಕವನ್ನು ಸೂಚಿಸುತ್ತದೆ.

ಇದೇನು ಪಂಡಿತರ ಕಲಹವೆಂದು ಓದುಗರು ಭಾವಿಸಬಾರದು. ಶಾಲೆಯಲ್ಲಿ ಹಂಚುವ ಕಬ್ಬಿಣಾಂಶದ ಮಾತ್ರೆ ಎಷ್ಟು ಮಕ್ಕಳಿಗೆ ಬೇಕು, ಅಕ್ಕಿಗೆ ಕಬ್ಬಿಣ ಬೆರೆಸುವ ಯೋಜನೆಗೆ ಎಷ್ಟು ಕೋಟಿ ಸುರಿಯಬೇಕು, ನಮ್ಮ ಶಿಬಿರದಲ್ಲಿ ಬೆರಳು ಚುಚ್ಚಿಸಿಕೊಂಡ ಹುಡುಗಿಯನ್ನು ರೋಗಿಯೆಂದು ಕರೆಯಬೇಕೇ ಬೇಡವೇ ಎಂಬುದೆಲ್ಲ ಈ ಒಂದು ಅಂಕಿಯನ್ನು ಅವಲಂಬಿಸಿದೆ. ಹಾಗೆಂದು ರಕ್ತಹೀನತೆ ಬರಿಯ ಭ್ರಮೆಯೆಂದು ಸಾರುವುದೂ ಅಪಾಯಕಾರಿಯೇ. ಬಾಣಂತಿಯ ಪ್ರಾಣಕ್ಕೆ ಎರವಾಗುವ ರೋಗವದು.

ಇನ್ನು ನಾನು ಇಷ್ಟನ್ನು ತಿಳಿದುಕೊಂಡ ಬಗೆ. ಅಮೆರಿಕೆಯ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಪಬ್‌ಮೆಡ್ ಎಂಬ ಸೂಚಿಯನ್ನು 1997ರ ಜೂನ್‌ನಲ್ಲಿ ಜಗತ್ತಿಗೆಲ್ಲ ಉಚಿತವಾಗಿ ತೆರೆಯಿತು. ಇದರ ಮೂಲ 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೇನಾ ವೈದ್ಯರು ಆರಂಭಿಸಿದ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಸೂಚಿಯಲ್ಲಿದೆ. ಇಂದು ಅದರಲ್ಲಿ ಮೂರೂವರೆ ಕೋಟಿಗೂ ಅಧಿಕ ಉಲ್ಲೇಖಗಳಿವೆ. ಸ್ವಾರಸ್ಯವೆಂದರೆ ಅಲ್ಲಿ ಬಹುಪಾಲು ಪ್ರಬಂಧಗಳಿಗೆ ಗ್ರಂಥಾಲಯವು ನಿಗದಿತ ವಿಷಯಪದಗಳನ್ನು ಅಂಟಿಸುತ್ತದೆ; ಲೇಖಕರು ಬ್ರಿಟಿಷ್ ಕಾಗುಣಿತದಲ್ಲಿ ಬರೆದಿರಲಿ, ಅಮೆರಿಕೆಯ ಕಾಗುಣಿತದಲ್ಲಿ ಬರೆದಿರಲಿ, ರಕ್ತಹೀನತೆ ಒಂದೇ ಗೂಡಿಗೆ ಬಂದು ಸೇರುತ್ತದೆ. ನಮ್ಮ ಬ್ಯಾಂಕಿನಲ್ಲಿ ಒಬ್ಬನೇ ಗಿರಾಕಿಯ ಹೆಸರನ್ನು ನಾಲ್ಕು ಶಾಖೆಗಳಲ್ಲಿ ನಾಲ್ಕು ಬಗೆಯಾಗಿ ಬರೆದು ಪಟ್ಟ ಪಾಡನ್ನು ಬಲ್ಲ ನನಗೆ ಈ ಶಿಸ್ತನ್ನು ಕಂಡು ತುಸು ಅಸೂಯೆಯೇ ಆಯಿತು.

ಸೂಚಿ ಉಚಿತ, ಸಾರಾಂಶವೂ ಉಚಿತ. ಪೂರ್ಣ ಪ್ರಬಂಧಕ್ಕೆ ಕೈಯಿಟ್ಟಾಗ ಮಾತ್ರ ಅನೇಕ ಕಡೆ ಬಾಗಿಲು ಅಡ್ಡ ಬರುತ್ತದೆ. ಬೆರಳಿನ ರಕ್ತ ಹಾಗೂ ಅಭಿಧಮನಿಯ ರಕ್ತವನ್ನು ಹೋಲಿಸಿದ ಪ್ರಬಂಧವೊಂದಕ್ಕೆ ನನ್ನಿಂದ ಕೇಳಿದ ಬೆಲೆ ಮೂವತ್ತೈದು ಡಾಲರ್, ಅಂದರೆ ಸುಮಾರು ಮೂರು ಸಾವಿರ ರೂಪಾಯಿ. ಅದೂ ಹನ್ನೆರಡು ಪುಟಗಳಿಗೆ! ಇಲ್ಲಿಯ ಸರಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಓದುತ್ತಿರುವ ನನ್ನ ತಂಗಿಯ ಮಗಳಿಗೆ ದೂರವಾಣಿ ಮಾಡಿ ಗೋಳು ತೋಡಿಕೊಂಡೆ. "ಮಾವ, ಹೆಸರು ಕಳಿಸಿ" ಎಂದಳು. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಓದಿ, ಬೇಕಾದ ನಾಲ್ಕು ಸಾಲುಗಳ ಅರ್ಥವನ್ನು ನನಗೆ ಹೇಳಿದಳು. ಅವಳು ದುಡ್ಡು ಕೊಡಲಿಲ್ಲ. ಅವಳ ಗ್ರಂಥಾಲಯದ ಪರವಾಗಿ ಸರಕಾರ ಮೊದಲೇ ಕೊಟ್ಟಿತ್ತು.

ಆ ಕೊಡುಗೆಯ ಹೆಸರು 'ಒಂದು ರಾಷ್ಟ್ರ, ಒಂದು ಚಂದಾ'. 2024ರ ನವೆಂಬರ್ 25ರಂದು ಕೇಂದ್ರ ಸಂಪುಟವು ಇದಕ್ಕೆ ಒಪ್ಪಿಗೆಯಿತ್ತಿತು. 2025ರಿಂದ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಪ್ರತಿಯಾಗಿ 30 ಅಂತಾರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ಕ್ಕೂ ಅಧಿಕ ಸರಕಾರಿ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ದೊರೆಯುತ್ತವೆ. ಇದರ ನಿರ್ವಹಣೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ಕಿರು ಪಟ್ಟಣದ ಸರಕಾರಿ ಕಾಲೇಜಿನ ವಿದ್ಯಾರ್ಥಿಗೂ ದೆಹಲಿಯ ದೊಡ್ಡ ಸಂಸ್ಥೆಯ ವಿದ್ಯಾರ್ಥಿಗೂ ಒಂದೇ ಕಪಾಟು ತೆರೆದದ್ದು ಸಣ್ಣ ಸಾಧನೆಯೇನಲ್ಲ. ಅದನ್ನು ಮನಸಾರೆ ಮೆಚ್ಚಬೇಕು.

ಆದರೆ ಮಾತು ಮೊದಲು ಬೇರೆಯಿತ್ತು. 2020ರ ಕೊನೆಯ ದಿನ ಪ್ರಕಟವಾದ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡಿನಲ್ಲಿ, ಇದೇ ಹೆಸರಿನ ಚಂದಾದ ಮೂಲಕ ಭಾರತದಲ್ಲಿರುವ ಎಲ್ಲರಿಗೂ ನಿಯತಕಾಲಿಕಗಳನ್ನು ಒದಗಿಸುವ ಆಶಯವಿತ್ತು. ನಾಲ್ಕು ವರ್ಷಗಳಲ್ಲಿ 'ಎಲ್ಲರೂ' ಕುಗ್ಗಿ ಸರಕಾರಿ ಸಂಸ್ಥೆಗಳ ವಿದ್ಯಾರ್ಥಿ ಅಧ್ಯಾಪಕರಾದರು. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಹೊರಗುಳಿದವು. ಈ ಮಹಾನಗರದಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳಲ್ಲಿ ಅದೆಷ್ಟೋ ಮಂದಿ ಖಾಸಗಿ ಔಷಧಶಾಸ್ತ್ರ, ದಂತವೈದ್ಯ, ಶುಶ್ರೂಷಾ ಕಾಲೇಜುಗಳಲ್ಲಿ ಓದುತ್ತಿದ್ದಾರೆ ಎಂಬುದನ್ನು ನೆನೆದರೆ ಇದರ ಬಿಸಿ ನಮಗೆ ತಟ್ಟೀತು. ಸ್ವಂತ ಚಿಕಿತ್ಸಾಲಯ ನಡೆಸುವ ವೈದ್ಯರು, ಪತ್ರಕರ್ತರು, ನಮ್ಮಂತಹ ಸಂಘದವರು ಹೇಗೂ ಪಟ್ಟಿಯಲ್ಲಿಲ್ಲ. ಇದುವರೆಗೆ ಇಂತಹವರಲ್ಲಿ ಹಲವರು ಹಿಡಿಯುತ್ತಿದ್ದ ಕಳ್ಳದಾರಿ ಸೈ-ಹಬ್ ಎಂಬ ತಾಣ. ಮೂವರು ದೊಡ್ಡ ಪ್ರಕಾಶಕರು 2020ರ ಡಿಸೆಂಬರ್‌ನಲ್ಲಿ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2025ರ ಆಗಸ್ಟ್‌ನಲ್ಲಿ ಅದನ್ನು ತಡೆಹಿಡಿಯಲು ಆದೇಶಿಸಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹಿಂಬಾಗಿಲನ್ನು ಮುಚ್ಚುವವರು ಮುಂಬಾಗಿಲನ್ನು ಇನ್ನಷ್ಟು ಅಗಲಿಸಬೇಡವೇ?

ಪ್ರಬಂಧಗಳ ಕಥೆ ಇದಾದರೆ, ಅವುಗಳ ಬೇರಾದ ಮೂಲ ದತ್ತಾಂಶದ ಕಥೆ ಇನ್ನೂ ವಿಚಿತ್ರ. ಕುಟುಂಬ ಆರೋಗ್ಯ ಸಮೀಕ್ಷೆಯನ್ನು 1992-93ರ ಮೊದಲ ಸುತ್ತಿನಿಂದಲೂ ನಡೆಸಿಕೊಂಡು ಬಂದದ್ದು ನಮ್ಮ ಮುಂಬಯಿಯ ದೇವನಾರದಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. 1956ರಲ್ಲಿ ಸ್ಥಾಪನೆಯಾದ, ಈಗ ಪರಿಗಣಿತ ವಿಶ್ವವಿದ್ಯಾಲಯವಾಗಿರುವ ಈ ಸಂಸ್ಥೆಯ ಮುಂದೆ ಬಸ್ಸಿನಲ್ಲಿ ಅದೆಷ್ಟು ಬಾರಿ ಹಾದುಹೋಗಿದ್ದೇನೋ ಲೆಕ್ಕವಿಲ್ಲ, ಒಳಗೇನಿದೆಯೆಂದು ಅರಿತಿರಲಿಲ್ಲ. ಐದನೆಯ ಸುತ್ತಿನಲ್ಲಿ 707 ಜಿಲ್ಲೆಗಳ 6,36,699 ಮನೆಗಳನ್ನು ಸಂದರ್ಶಿಸಿ, 7,24,115 ಮಹಿಳೆಯರು ಮತ್ತು 1,01,839 ಪುರುಷರ ಉತ್ತರಗಳನ್ನು ದಾಖಲಿಸಲಾಯಿತು. ಹೆಸರು ವಿಳಾಸಗಳನ್ನು ತೆಗೆದುಹಾಕಿದ ಆ ಉತ್ತರಗಳ ಕಡತಗಳೇ ಸಂಶೋಧಕರಿಗೆ ಬೇಕಾದ ಅಸಲು ಬಂಡವಾಳ.

ಆ ಕಡತಗಳಿಗಾಗಿ ಜಗತ್ತಿನ ಸಂಶೋಧಕರು, ನಮ್ಮ ದೇಶದ ಅನೇಕರೂ ಸೇರಿದಂತೆ, ತಟ್ಟುತ್ತಿದ್ದ ಬಾಗಿಲು ಮಾತ್ರ ದೇವನಾರದ್ದಲ್ಲ. ಅಮೆರಿಕ ಸರಕಾರದ ನೆರವಿನಿಂದ 1984ರಲ್ಲಿ ಆರಂಭವಾದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮವು ಭಾರತವೂ ಸೇರಿದಂತೆ ಹತ್ತಾರು ದೇಶಗಳ ಇಂತಹ ಕಡತಗಳನ್ನು ಒಂದೆಡೆ ಜೋಡಿಸಿಟ್ಟು, ಹೆಸರು ನೋಂದಾಯಿಸಿದವರಿಗೆ ಉಚಿತವಾಗಿ ಕೊಡುತ್ತಿತ್ತು. 2025ರ ಫೆಬ್ರವರಿಯಲ್ಲಿ ಅಮೆರಿಕೆಯ ಹೊಸ ಸರಕಾರವು ವಿದೇಶೀ ನೆರವನ್ನು ಕಡಿತಗೊಳಿಸಿದಾಗ ಈ ಕಾರ್ಯಕ್ರಮವೂ ನಿಂತಿತು. ದತ್ತಾಂಶದ ಕೋರಿಕೆಗಳಿಗೆ ಉತ್ತರ ಕೊಡಲಾಗದು ಎಂಬ ಸೂಚನಾಫಲಕ ಬಿತ್ತು. ಆ ವರ್ಷದ ಮಧ್ಯಭಾಗದಲ್ಲಿ ಗೇಟ್ಸ್ ಪ್ರತಿಷ್ಠಾನದ ತಾತ್ಕಾಲಿಕ ನೆರವಿನಿಂದ ಅದು ತುಸು ಚೇತರಿಸಿಕೊಂಡದ್ದೂ ನಿಜ. ದೇವನಾರದ ಸಂಸ್ಥೆಯಲ್ಲಿಯೂ ನೋಂದಾಯಿಸಿಕೊಂಡು ಈ ದತ್ತಾಂಶವನ್ನು ಪಡೆಯಲು ಅವಕಾಶವಿದೆಯಾದ್ದರಿಂದ ಭಾರತದ ಪಾಲಿಗೆ ಅದು ಸರ್ವನಾಶವಾಗಲಿಲ್ಲ. ಆದರೂ ರಾಯಚೂರಿನ ತಾಯಿಯ ಉತ್ತರವನ್ನು ಬೆಂಗಳೂರಿನ ವಿದ್ಯಾರ್ಥಿನಿ ಓದಬೇಕಾದರೆ ಸಾಗರದಾಚೆಯ ದೇಶವೊಂದರ ರಾಜಕಾರಣ ನಡುವೆ ಬರುತ್ತಿತ್ತೆಂಬುದು ಯೋಚಿಸಬೇಕಾದ ಸಂಗತಿ. ನಮ್ಮ ಮನೆಯ ದಸ್ತಾವೇಜನ್ನು ಪರವೂರಿನ ಲಾಕರಿನಲ್ಲಿಟ್ಟು, ಮನೆಯಲ್ಲಿ ಪ್ರತಿ ಇದೆಯೋ ಇಲ್ಲವೋ ಎಂದು ನೋಡದೆ ಇದ್ದವರಂತೆ ನಾವಿದ್ದೆವು.

ಅಮೆರಿಕೆಯ ಜನರೂ ಅದೇ ದಿನಗಳಲ್ಲಿ ಪೆಟ್ಟು ತಿಂದರು. 2025ರ ಜನವರಿ 31ರಂದು ಅಲ್ಲಿಯ ರೋಗ ನಿಯಂತ್ರಣ ಕೇಂದ್ರದ ಜಾಲತಾಣದಿಂದ ಹಲವು ಪುಟಗಳು, ಹದಿಹರೆಯದವರ ಆರೋಗ್ಯ ಸಮೀಕ್ಷೆಯಂತಹ ದತ್ತಾಂಶಗಳೂ ಸೇರಿ, ಮಾಯವಾದವು. ವೈದ್ಯರ ಸಂಘಟನೆಯೊಂದು ನ್ಯಾಯಾಲಯದ ಮೆಟ್ಟಿಲೇರಿತು. ಫೆಬ್ರವರಿ 11ರಂದು ನ್ಯಾಯಾಧೀಶರು ಅವುಗಳನ್ನು ಮರುಸ್ಥಾಪಿಸುವಂತೆ ಆಜ್ಞಾಪಿಸಿದರು. ನನ್ನ ಗಮನ ಸೆಳೆದದ್ದು ನ್ಯಾಯಾಲಯಕ್ಕಿಂತಲೂ ಮಿಗಿಲಾಗಿ ಗ್ರಂಥಾಲಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಗ್ರಂಥಾಲಯವು ಅಮೆರಿಕ ಸರಕಾರದ ಮುಕ್ತ ದತ್ತಾಂಶ ತಾಣದಲ್ಲಿದ್ದ ಮೂರು ಲಕ್ಷಕ್ಕೂ ಮಿಕ್ಕ ದತ್ತಾಂಶ ಸಂಪುಟಗಳನ್ನು ಪ್ರತಿಮಾಡಿ ತನ್ನಲ್ಲಿ ಇರಿಸಿಕೊಂಡಿರುವುದಾಗಿ ಫೆಬ್ರವರಿ 6ರಂದು ಪ್ರಕಟಿಸಿತು. ಬೇರೆ ಬೇರೆ ವಿಶ್ವವಿದ್ಯಾಲಯಗಳ ಗ್ರಂಥಪಾಲಕರೂ ರಾತ್ರಿಯಿಡೀ ಕುಳಿತು ಕಡತಗಳನ್ನು ಉಳಿಸುವ ಕೆಲಸಕ್ಕೆ ಕೈಹಾಕಿದರು. ಚಂದಾ ಕಟ್ಟುವುದು, ಪುಸ್ತಕ ಕೊಡುವುದು, ಧೂಳು ಹೊಡೆಯುವುದು ಇಷ್ಟೇ ಗ್ರಂಥಾಲಯದ ಕೆಲಸವೆಂದು ತಿಳಿದಿದ್ದ ನನ್ನಂತಹವನಿಗೆ ಇದು ಹೊಸ ಪಾಠ. ಬ್ಯಾಂಕಿನಲ್ಲಿ ಪ್ರತಿದಿನದ ಲೆಕ್ಕದ ಪ್ರತಿಯೊಂದು ಬೇರೆಯ ಊರಿನಲ್ಲಿ ಸುರಕ್ಷಿತವಾಗಿರಬೇಕೆಂಬ ಕಟ್ಟಳೆಯಿದೆ. ದೇಶದ ಆರೋಗ್ಯದ ಲೆಕ್ಕಕ್ಕೆ ನಮ್ಮ ಎಷ್ಟು ವಿಶ್ವವಿದ್ಯಾಲಯಗಳು ಅಂತಹ ಕಟ್ಟಳೆಯನ್ನು ತಮಗೆ ತಾವೇ ವಿಧಿಸಿಕೊಂಡಿವೆ?

ಏಕೆಂದರೆ ನಮ್ಮಲ್ಲಿ ಲೆಕ್ಕ ಮಾಯವಾಗುವುದಕ್ಕಿಂತ ತಡವಾಗುವುದು ದೊಡ್ಡ ರೋಗ. ಕೊರೊನಾದ ಎರಡನೆಯ ಅಲೆಯನ್ನು ಮುಂಬಯಿ, ದೆಹಲಿ, ಬೆಂಗಳೂರುಗಳಲ್ಲಿ ಕಂಡವರು ಯಾರೂ 2021ರ ಏಪ್ರಿಲ್-ಮೇ ತಿಂಗಳುಗಳನ್ನು ಮರೆತಿಲ್ಲ. ಆ ವರ್ಷ ದೇಶದಲ್ಲಿ ಎಷ್ಟು ಮರಣಗಳು ನೋಂದಣಿಯಾದವು ಎಂಬ ನಾಗರಿಕ ನೋಂದಣಿ ವರದಿ ಪ್ರಕಟವಾದದ್ದು 2025ರ ಮೇ ತಿಂಗಳಲ್ಲಿ. ನಾಲ್ಕು ವರ್ಷಗಳ ನಂತರ! 2020ರಲ್ಲಿ 81.2 ಲಕ್ಷವಿದ್ದ ಸಂಖ್ಯೆ 2021ರಲ್ಲಿ 1.02 ಕೋಟಿಯಾಗಿತ್ತು, ಅಂದರೆ ಒಂದೇ ವರ್ಷದಲ್ಲಿ ಸುಮಾರು 21 ಲಕ್ಷದ ಏರಿಕೆ. ಈ ಏರಿಕೆಯೆಲ್ಲವೂ ಕೊರೊನಾದ್ದಲ್ಲ; ನೋಂದಣಿ ಸುಧಾರಿಸಿದ್ದೂ, ಜನಸಂಖ್ಯೆ ಬೆಳೆದದ್ದೂ ಅದರಲ್ಲಿ ಸೇರಿವೆ. ಆದರೆ 2021ರ ಅಂತ್ಯದವರೆಗೆ ಕೊರೊನಾದಿಂದ ಸತ್ತವರು ಸರಕಾರಿ ಲೆಕ್ಕದಲ್ಲಿ ಸುಮಾರು 4.8 ಲಕ್ಷ. ಅದೇ ಅವಧಿಗೆ ವಿಶ್ವ ಆರೋಗ್ಯ ಸಂಸ್ಥೆಯು 2022ರ ಮೇ ತಿಂಗಳಲ್ಲಿ 47 ಲಕ್ಷ ಹೆಚ್ಚುವರಿ ಮರಣಗಳೆಂದು ಅಂದಾಜಿಸಿದಾಗ ಭಾರತ ಸರಕಾರ ಆ ವಿಧಾನವನ್ನು ಕಟುವಾಗಿ ಆಕ್ಷೇಪಿಸಿತ್ತು. ಆಕ್ಷೇಪಕ್ಕೆ ಹಕ್ಕಿದೆ. ಆದರೆ ನಮ್ಮದೇ ಖಾತೆಪುಸ್ತಕವನ್ನು ಆಗಲೇ ಮೇಜಿನ ಮೇಲಿಟ್ಟಿದ್ದರೆ ವಾದಕ್ಕೆ ಬಲ ಬರುತ್ತಿತ್ತು. ಪ್ರಮಾಣಗಳನ್ನು ಲೆಕ್ಕಹಾಕಲು ಬೇಕಾದ ಜನಗಣತಿಯೂ 2011ರ ನಂತರ ಹಿಂದೆ ಬಿದ್ದಿದ್ದು, ಹೊಸ ಗಣತಿಯ ಎಣಿಕೆಗೆ ಗೊತ್ತುಪಡಿಸಿದ ದಿನ 2027ರ ಮಾರ್ಚ್ 1. ವರದಿ ಬಂದಾಗ ಬರಲಿ, ಬಂದದ್ದನ್ನು ಹಿಂದಿನ ವರ್ಷಗಳದರೊಂದಿಗೆ ಸಾಲಾಗಿ ಜೋಡಿಸಿಟ್ಟು, ಕೇಳಿದವರ ಮುಂದಿಡುವ ಕೆಲಸವನ್ನಾದರೂ ಗ್ರಂಥಾಲಯಗಳು ಮಾಡಬಹುದು.

ಗ್ರಂಥಾಲಯ ವಿಜ್ಞಾನಕ್ಕೆ ಜಗತ್ತಿನಲ್ಲಿ ಹೆಸರಾದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಆ ನಗರದಲ್ಲಿಯೇ ತೀರಿಕೊಂಡರು. ಕರ್ನಾಟಕದಲ್ಲಿ 1965ರ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಸಂಗ್ರಹಿಸಲಾಗುತ್ತದೆ. ಊರಿನಲ್ಲಿ ಮನೆಯಿರುವ ನಮ್ಮಲ್ಲಿ ಹಲವರು ಅದನ್ನು ಕಟ್ಟುತ್ತಿದ್ದೇವೆ. ಮುಂಬಯಿಯಲ್ಲಿಯಂತೂ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮುಂದೆ ಬಂದ ಹಿರಿಯರ ಪರಂಪರೆಯೇ ಇದೆ. ನನಗೆ ಬ್ಯಾಂಕಿನ ಪರೀಕ್ಷೆಗೆ ಓದಿಸಿದವರೂ ಅಂತಹವರೇ. ಓದಲು ಬಂದವನನ್ನು 'ನೀನು ಯಾವ ಸಂಸ್ಥೆಯವನು?' ಎಂದು ಕೇಳದ ಕೊಠಡಿಗಳು ಆಗ ಇದ್ದವು.

ಈಗ ಕೇಳುತ್ತಾರೆ. ಪದೇ ಪದೇ ತಂಗಿಯ ಮಗಳಿಗೆ ತೊಂದರೆ ಕೊಡುವುದು ಸರಿಯಲ್ಲವೆಂದು, ವಿಶ್ವವಿದ್ಯಾಲಯವೊಂದರ ಗ್ರಂಥಾಲಯಕ್ಕೆ ಶನಿವಾರ ರಜೆಯ ದಿನ ನಾನೇ ಹೋದೆ. ಗ್ರಂಥಪಾಲಕಿ ಸಜ್ಜನಿಕೆಯಿಂದ ಮಾತನಾಡಿದರು. ಹೊರಗಿನವರಿಗೆ ಶುಲ್ಕ ಪಡೆದು ದಿನದ ಪರವಾನಗಿ ಕೊಡುವ ಪದ್ಧತಿ ಇದೆ. ಪುಸ್ತಕಗಳನ್ನೂ ಮುದ್ರಿತ ವರದಿಗಳನ್ನೂ ಕುಳಿತು ಓದಬಹುದು. ಆದರೆ ವಿದ್ಯುನ್ಮಾನ ನಿಯತಕಾಲಿಕಗಳಿಗೆ ವಿದ್ಯಾರ್ಥಿಯ ಅಥವಾ ಅಧ್ಯಾಪಕರ ಗುರುತಿನ ಸಂಖ್ಯೆ ಬೇಕು. ಕುರ್ಚಿಯಲ್ಲಿ ಕೂರಲು ಅನುಮತಿಯಿದೆ, ಗಣಕದ ಮುಂದಿನ ಕುರ್ಚಿಯಲ್ಲಿ ಕೂರಲು ಇಲ್ಲ. "ನಿಯಮ ನಾವು ಮಾಡಿದ್ದಲ್ಲ ಸಾರ್" ಎಂದರು. ಪ್ರಕಾಶಕರೊಂದಿಗಿನ ಮುಂದಿನ ಒಪ್ಪಂದದಲ್ಲಿ, ಗ್ರಂಥಾಲಯಕ್ಕೆ ನಡೆದು ಬಂದ ಯಾವನೇ ನಾಗರಿಕನೂ ಅಲ್ಲಿಯ ಗಣಕದಲ್ಲಿ ಕುಳಿತು ಓದಬಹುದು ಎಂಬ ಒಂದು ವಾಕ್ಯವನ್ನು ಸರಕಾರ ಸೇರಿಸಿದರೆ ಸಾಕು. ಪರದೇಶಗಳ ಅನೇಕ ವಿಶ್ವವಿದ್ಯಾಲಯಗಳಲ್ಲಿ ಈ ರೂಢಿ ಇದೆ. ಈಗಿನ ಮೂರು ವರ್ಷಗಳ ಅವಧಿ 2027ಕ್ಕೆ ಮುಗಿಯುವುದರಿಂದ, ಕೇಳಬೇಕಾದವರು ಕೇಳುವ ಸಮಯ ಇದೇ. ಹೊರನಾಡಿನ ಕನ್ನಡ ಸಂಘಗಳು ಗಡಿ, ಭಾಷೆ, ಶಾಲೆಗಳ ಕುರಿತು ಎಷ್ಟೋ ಮನವಿಪತ್ರಗಳನ್ನು ಬರೆದಿವೆ. ಇದಕ್ಕೂ ಒಂದನ್ನು ಬರೆಯಲು ಅಡ್ಡಿಯೇನು?

ಅಲ್ಲಿಯವರೆಗೆ ತೆರೆದಿರುವ ಬಾಗಿಲುಗಳೂ ಇವೆಯೆಂದು ಆ ಗ್ರಂಥಪಾಲಕಿಯೇ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಪಬ್‌ಮೆಡ್‌ನಲ್ಲಿ ಉಚಿತ ಪೂರ್ಣಪಾಠಗಳನ್ನಷ್ಟೇ ಸೋಸಿ ತೆಗೆಯಬಹುದು. 1913ರಿಂದ ನಡೆದುಬಂದಿರುವ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಯಾರಿಗೂ ಬಾಗಿಲು ಹಾಕಿಲ್ಲ. ನಾನು ಮೇಲೆ ಹೇಳಿದ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನ ಪ್ರಬಂಧವೂ ಉಚಿತವೇ. ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಪತ್ರಕಗಳನ್ನು ಯಾರು ಬೇಕಾದರೂ ಪಡೆಯಬಹುದು. ಉಡುಪಿಯದೋ ಕಲಬುರ್ಗಿಯದೋ ತಮ್ಮ ಜಿಲ್ಲೆಯ ಪತ್ರಕವನ್ನು ಓದುಗರು ಒಮ್ಮೆ ತೆಗೆದು ನೋಡಬೇಕು. ಉಳಿದದ್ದಕ್ಕೆ ಲೇಖಕರಿಗೇ ಎರಡು ಸಾಲಿನ ಪತ್ರ ಬರೆದರೆ ಬಹುಮಂದಿ ಸಂತೋಷದಿಂದ ಪ್ರತಿ ಕಳಿಸುತ್ತಾರಂತೆ. ನಾನು ಬರೆದ ಇಬ್ಬರಲ್ಲಿ ಒಬ್ಬರು ಮರುದಿನವೇ ಕಳಿಸಿದರು.

ಶಿಬಿರದ ಹಿಂದಿನ ದಿನ ಕರಪತ್ರ ಅಚ್ಚಾಗಿ ಬಂತು. ಅದರಲ್ಲಿ ಎರಡೂ ಸಮೀಕ್ಷೆಗಳ ಅಂಕಿಗಳಿದ್ದವು, ಯಾವುದು ಬೆರಳಿನದು, ಯಾವುದು ತೋಳಿನದು ಎಂಬ ಟಿಪ್ಪಣಿಯೊಂದಿಗೆ. ಬೆರಳಿನ ಪರೀಕ್ಷೆಯಲ್ಲಿ ಕಡಿಮೆ ಬಂದವರು ಗಾಬರಿಯಾಗದೆ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಬೇಕೆಂಬ ಸೂಚನೆಯೂ ಇತ್ತು. ಡಾಕ್ಟರರು ಅದನ್ನು ಎರಡು ಬಾರಿ ಓದಿ, ಒಂದು ಅಕ್ಷರದೋಷವನ್ನು ತೋರಿಸಿ, ಜೇಬಿಗೆ ಹಾಕಿಕೊಂಡರು.